ಹಿತ್ತಲಲ್ಲಿ ಎಲೆಯೇ ಇಲ್ಲದೆ ಅರಳಿರುವ ನೇರಳೆ ಹೂವು ಕೇಸರಿಯೇ? ಕಿತ್ತು ಹಾಕಬೇಕೇ?

ಅದು ಕೇಸರಿ ಅಲ್ಲ. ಅಮ್ಮ ಒಣಗಲು ಇಟ್ಟಿರುವ ಎಸಳುಗಳನ್ನು ಇವತ್ತೇ ಕಸಕ್ಕೆ ಹಾಕಿ, ತಟ್ಟೆಯನ್ನು ಚೆನ್ನಾಗಿ ತೊಳೆದುಬಿಡಿ. ಪಾಯಸಕ್ಕೆ ಬೇಡವೇ ಬೇಡ. ಉಳಿದದ್ದನ್ನು ನಿಧಾನವಾಗಿ ಓದಿ.

ನೀವು ಬರೆದದ್ದು ಇಷ್ಟು. ಸ್ಟುಟ್‌ಗಾರ್ಟ್ ಹತ್ತಿರ ಹೊಸ ಬಾಡಿಗೆ ಮನೆ, ಹಿಂದೆ ಒಂದಿಷ್ಟು ಹುಲ್ಲಿನ ಜಾಗ. ಸೆಪ್ಟೆಂಬರ್‌ನಲ್ಲಿ ಹುಲ್ಲಿನ ಮಧ್ಯೆ ಎಲೆ ಇಲ್ಲದೆ ನಸುನೇರಳೆ ಹೂವು ಎದ್ದಿದೆ. ಊರಿಂದ ಬಂದಿರುವ ಅಮ್ಮ ಕೇಸರಿ ಅಂದರು, ಮೊಬೈಲಿನ ಆ್ಯಪ್ ಬೇರೇನೋ ಹೆಸರು ಹೇಳಿತು. ಹುಡುಕಿದರೆ ಅದರಿಂದಲೇ ಗೌಟ್, ಅಂದರೆ ಕೀಲು ಊದಿ ಉರಿಯುವ ಕಾಯಿಲೆಯ ಮಾತ್ರೆ ಮಾಡುತ್ತಾರೆ ಅಂತ ಸಿಕ್ಕಿತು, ಊರಲ್ಲಿ ನಿಮ್ಮ ತಂದೆ ಅದೇ ಮಾತ್ರೆ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಪುಟ್ಟ ಮಗು ಇದೆ. ಕೊಯ್ದ ಹುಲ್ಲನ್ನು ಪಕ್ಕದವರು ಕುದುರೆಗೆ ಕೇಳುತ್ತಿದ್ದಾರೆ. ಏನು ಮಾಡಲಿ ಅಂತ ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಸಾಗರದ ಕಡೆಯವಳು, ಈಗ ನಿಮ್ಮದೇ ಸೀಮೆಯಲ್ಲಿ ಇದ್ದೇನೆ. ಈ ಹೂವು ನನ್ನ ತೋಟದಲ್ಲೂ ಇದೆ, ಗೊತ್ತಿದ್ದೇ ಇಟ್ಟುಕೊಂಡಿದ್ದೇನೆ.

ಆ್ಯಪ್ ಹೇಳಿದ್ದು ಸರಿ. ಇದು ಕೊಲ್ಚಿಕಮ್ ಆಟಮ್‌ನೇಲ್. ಇಲ್ಲಿನವರು ಹೆರ್ಬ್‌ಸ್ಟ್‌ತ್ಸೈಟ್‌ಲೋಸೆ ಅನ್ನುತ್ತಾರೆ. ಅಮ್ಮನನ್ನು ಒಪ್ಪಿಸಬೇಕಾದರೆ ಒಂದು ಹೂವನ್ನು ಹತ್ತಿರದಿಂದ ತೋರಿಸಿ. ಒಳಗೆ ಹಳದಿ ಪುಡಿ ಹೊತ್ತ ಕೇಸರಗಳನ್ನು ಎಣಿಸಿ, ಆರು ಇರುತ್ತವೆ. ನಡುವೆ ಮೂರು ತೆಳ್ಳನೆಯ ಬಿಳಿಚು ದಾರಗಳು ಬೇರೆಬೇರೆಯಾಗಿ ನಿಂತಿರುತ್ತವೆ. ನಿಜವಾದ ಕೇಸರಿ ಹೂವಿನಲ್ಲಿ ಕೇಸರ ಮೂರೇ. ನಾವು ಅಡುಗೆಗೆ ಬಳಸುವುದು ಆ ಕೇಸರಗಳನ್ನೂ ಅಲ್ಲ, ನಡುವಿನಿಂದ ಮೂರು ಕವಲಾಗಿ ಹೊರಗೆ ಜೋತುಬಿದ್ದಿರುವ ಗಾಢ ಕೆಂಪು ಎಳೆಗಳನ್ನು. ನಿಮ್ಮ ಹೂವಿನಲ್ಲಿ ಆ ಕೆಂಪು ಎಲ್ಲೂ ಸಿಗುವುದಿಲ್ಲ. ಕೇಸರಿಗೆ ಹೂವಿನ ಹೊತ್ತಿಗೆ ಹುಲ್ಲಿನಂಥ ಸಣ್ಣ ಎಲೆಗಳೂ ಬರುತ್ತವೆ, ಇದು ಬರೀ ಬೋಳು. ಕುಟುಂಬವೂ ಬೇರೆ. ಅಕ್ಕಪಕ್ಕ ಇಟ್ಟರೆ ಮೇಲ್ನೋಟಕ್ಕೆ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಅಷ್ಟೇ. ಅಮ್ಮ ಹಾಗೆ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲೆಂಡಿನವರು ಇದನ್ನು 'ಹುಲ್ಲುಗಾವಲಿನ ಕೇಸರಿ' ಅಂತಲೇ ಕರೆದುಬಿಟ್ಟಿದ್ದಾರೆ.

ಆದರೆ ನಿಮ್ಮ ಮನೆಗೆ ನಿಜವಾದ ಅಪಾಯ ಈ ಹೂವಿನಿಂದ ಜಾಸ್ತಿ ಇಲ್ಲ. ಅದು ಬರುವುದು ಏಪ್ರಿಲ್‌ನಲ್ಲಿ, ಹೂವು ಮರೆತೇಹೋದ ಮೇಲೆ. ಪ್ರಶ್ನೆಯಲ್ಲಿ ನೀವು ಅದನ್ನು ಕೇಳಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈ ಗಿಡದ ವರ್ಷದ ಲೆಕ್ಕ ಉಲ್ಟಾ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೂವು. ನಮಗೆ ಕಾಂಡ ಅನ್ನಿಸುವುದು ಕಾಂಡವೇ ಅಲ್ಲ, ಹೂವಿನದೇ ಉದ್ದನೆಯ ಕೊಳವೆ. ಕಾಯಿಯಾಗಬೇಕಾದ ಭಾಗ ನೆಲದೊಳಗೆ, ಗೆಡ್ಡೆಯ ಪಕ್ಕದಲ್ಲಿ ಕೂತಿರುತ್ತದೆ. ಹೂವು ಬಾಡಿ ಹೋದ ಮೇಲೆ ಮೇಲೆ ಏನೂ ಇರುವುದಿಲ್ಲ. ಚಳಿಗಾಲವೆಲ್ಲ ಎಳೆಗಾಯಿ ಮಣ್ಣಿನೊಳಗೇ. ವಸಂತ ಬಂದಾಗ ಅಗಲವಾದ ಹಸಿರು ಎಲೆಗಳ ಗೊಂಚಲು ಎದ್ದು ಬರುತ್ತದೆ, ಅದರ ಮಡಿಲಲ್ಲಿ ಕಾಯಿ. ಜೂನ್ ಹೊತ್ತಿಗೆ ಕಾಯಿ ಒಣಗಿ ಬೀಜ ಬಿಡುತ್ತದೆ, ಎಲೆ ಹಳದಿಯಾಗಿ ಮಾಯ. ಆಮೇಲೆ ಮತ್ತೆ ಸೆಪ್ಟೆಂಬರ್‌ವರೆಗೆ ಸುದ್ದಿಯಿಲ್ಲ. ಎಲೆ ಕಂಡಾಗ ಹೂವಿಲ್ಲ, ಹೂವು ಕಂಡಾಗ ಎಲೆಯಿಲ್ಲ. ಹಾಗಾಗಿ ಎರಡೂ ಒಂದೇ ಗಿಡ ಅಂತ ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಆ ಎಲೆ ಏಳುವ ಹೊತ್ತಿಗೇ ಇಲ್ಲಿನ ಜನ ಕಾಡಿಗೆ ಬುಟ್ಟಿ ಹಿಡಿದು ಹೋಗುತ್ತಾರೆ, ಬೇರ್‌ಲೌಖ್ ಕೊಯ್ಯಲು. ಅಂದರೆ ಕಾಡು ಬೆಳ್ಳುಳ್ಳಿ ಸೊಪ್ಪು. ನೀವೂ ಬರುವ ವರ್ಷ ಹೋಗುತ್ತೀರಿ, ನೋಡಿ ಬೇಕಾದರೆ. ಸೊಪ್ಪು ಕಂಡರೆ ತಂಬುಳಿ ನೆನಪಾಗುವ ಜನ ನಾವು. ಆ ಸೊಪ್ಪಿನ ಚಟ್ನಿ, ತಂಬುಳಿ ಎರಡೂ ಬಹಳ ರುಚಿ, ಅದರಲ್ಲಿ ಎರಡು ಮಾತಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಆ ಸೊಪ್ಪು ಅಂದುಕೊಂಡು ಈ ಎಲೆಯನ್ನು ಕೊಯ್ದು ತಂದು, ಬೇಯಿಸಿ ತಿಂದು, ಸತ್ತವರಿದ್ದಾರೆ. ಇಲ್ಲೇ ಹುಟ್ಟಿ ಬೆಳೆದವರೇ.

ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ, ಆದರೆ ಒಂದೊಂದೇ ಎಲೆಯನ್ನು ನೋಡಿ ಕೊಯ್ಯಬೇಕು. ಕಾಡು ಬೆಳ್ಳುಳ್ಳಿಯ ಪ್ರತಿ ಎಲೆಗೂ ತನ್ನದೇ ತೆಳ್ಳನೆಯ ತೊಟ್ಟು, ನೆಲದಿಂದ ಒಂಟಿಯಾಗಿ ಬಂದಿರುತ್ತದೆ. ಎಲೆ ಮೆತ್ತಗೆ, ಹಿಂಭಾಗ ಮಂಕು. ಕೊಲ್ಚಿಕಮ್‌ಗೆ ತೊಟ್ಟೇ ಇಲ್ಲ. ಹಲವು ಎಲೆಗಳು ಒಂದೇ ಬುಡದಿಂದ ಒಂದನ್ನೊಂದು ಅಪ್ಪಿಕೊಂಡು ಏಳುತ್ತವೆ, ದಪ್ಪಗೆ, ಎರಡೂ ಕಡೆ ಹೊಳಪು. ಎಲೆಗಳನ್ನು ಅಗಲಿಸಿ ನೋಡಿದರೆ ಹಸಿರು ಕಾಯಿ ಸಿಕ್ಕರೂ ಸಿಗಬಹುದು. ಅಂಗಳದ ಬಿಸಿಲಿಗಿಂತ ಕಾಡಿನ ನೆರಳು ಕಾಡು ಬೆಳ್ಳುಳ್ಳಿಗೆ ಇಷ್ಟ, ಕೊಲ್ಚಿಕಮ್‌ಗೆ ತೇವದ ಹುಲ್ಲುಗಾವಲು ಇಷ್ಟ. ಕಾಡಿನ ಅಂಚಿನಲ್ಲಿ ಮಾತ್ರ ಎರಡೂ ಒಟ್ಟಿಗೆ ಬೆಳೆದಿರುವುದುಂಟು.

ವಾಸನೆ ನೋಡಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆ ಸಲಹೆ ಸ್ವಲ್ಪವೂ ಸೇರುವುದಿಲ್ಲ. ಮೊದಲ ಹಿಡಿ ಸೊಪ್ಪು ಕೊಯ್ದ ಮೇಲೆ ಕೈಯೆಲ್ಲ ಬೆಳ್ಳುಳ್ಳಿ ಘಮ. ಆಮೇಲೆ ಯಾವ ಎಲೆ ಉಜ್ಜಿದರೂ ಅದೇ ವಾಸನೆ, ಅಲ್ವಾ? ಬುಟ್ಟಿಯೊಳಗೂ ಅಷ್ಟೇ, ನೂರು ಒಳ್ಳೆಯ ಎಲೆಗಳ ನಡುವೆ ಸೇರಿದ ನಾಲ್ಕು ಕೆಟ್ಟ ಎಲೆಗೂ ಬೆಳ್ಳುಳ್ಳಿ ವಾಸನೆ ಹತ್ತಿರುತ್ತದೆ.

ಬೇಯಿಸಿದರೆ, ಒಣಗಿಸಿದರೆ ಇದರ ವಿಷ ಹೋಗುವುದಿಲ್ಲ. ವಿಷದ ಹೆಸರು ಕೊಲ್ಚಿಸಿನ್. ಗಿಡದ ಎಲ್ಲ ಭಾಗದಲ್ಲೂ ಇದೆ, ಬೀಜ ಮತ್ತು ಗೆಡ್ಡೆಯಲ್ಲಿ ಜಾಸ್ತಿ. ನಮ್ಮ ಜೀವಕೋಶಗಳ ಒಳಗೆ ಸೂಕ್ಷ್ಮ ನಳಿಕೆಗಳಿವೆ. ಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಆಚೆ ಈಚೆ ಎಳೆಯುವುದು ಅವೇ. ಕೊಲ್ಚಿಸಿನ್ ಆ ನಳಿಕೆಗಳು ಕಟ್ಟಿಕೊಳ್ಳದ ಹಾಗೆ ಮಾಡುತ್ತದೆ, ಕೋಶ ಅರ್ಧದಲ್ಲೇ ನಿಲ್ಲುತ್ತದೆ. ಎಲ್ಲೆಲ್ಲಿ ಕೋಶಗಳು ಬೇಗ ಬೇಗ ಹುಟ್ಟುತ್ತವೋ ಅಲ್ಲಿ ಮೊದಲ ಪೆಟ್ಟು: ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ, ಕೂದಲಿನ ಬುಡ.

ಇದರ ಮೋಸ ಇರುವುದು ಸಮಯದಲ್ಲಿ. ತಿಂದ ಕೂಡಲೇ ಏನೂ ಆಗುವುದಿಲ್ಲ. ಕೆಲವು ಗಂಟೆ, ಒಮ್ಮೊಮ್ಮೆ ಅರ್ಧ ದಿನಕ್ಕೂ ಮೇಲೆ ಕಳೆದು ವಾಂತಿ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಊಟ ಕೆಟ್ಟಿತ್ತೇನೋ ಅಂದುಕೊಂಡು ಜನ ಮಲಗಿಬಿಡುತ್ತಾರೆ. ಎರಡು ಮೂರನೇ ದಿನಕ್ಕೆ ಮೂತ್ರಪಿಂಡ, ಹೃದಯ, ರಕ್ತ ಎಲ್ಲದರ ಮೇಲೂ ಬೀಳುತ್ತದೆ. ಬದುಕಿ ಉಳಿದವರಿಗೆ ಒಂದೆರಡು ವಾರದಲ್ಲಿ ಕೂದಲು ಉದುರುತ್ತದೆ, ಆಮೇಲೆ ಮತ್ತೆ ಬರುತ್ತದೆ. ಆಸ್ಪತ್ರೆಯಲ್ಲಿ ಸುಲಭವಾಗಿ ಸಿಗುವ ಪ್ರತಿವಿಷ ಇಲ್ಲ. ಫ್ರಾನ್ಸ್‌ನಲ್ಲಿ ಒಬ್ಬ ರೋಗಿಗೆ ಪ್ರತಿಕಾಯ ಕೊಟ್ಟು ಉಳಿಸಿದ ವರದಿ 1995ರಲ್ಲಿ ಬಂತು, ಆದರೆ ಅದು ಮಾರುಕಟ್ಟೆಗೆ ಬರುವ ಔಷಧಿ ಆಗಲಿಲ್ಲ. ಹಾಗಾಗಿ ಮಗುವಾಗಲಿ ದೊಡ್ಡವರಾಗಲಿ ಇದರ ಯಾವುದೇ ಭಾಗ ನುಂಗಿದ ಅನುಮಾನ ಬಂದರೆ ವಾಂತಿಯಾಗಲಿ ಅಂತ ಕಾಯಬೇಡಿ. ಮನೆಮದ್ದು ಬೇಡ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ನಿಮ್ಮ ರಾಜ್ಯದ ವಿಷ ಮಾಹಿತಿ ಕೇಂದ್ರಕ್ಕೆ, ಇಲ್ಲವೇ ಸೀದಾ 112ಕ್ಕೆ ಫೋನ್ ಮಾಡಿ. ಗಿಡದ ಚೂರು ಉಳಿದಿದ್ದರೆ ಚೀಲದಲ್ಲಿ ಹಾಕಿಕೊಂಡೇ ಹೋಗಿ.

ಈಗ ತಂದೆಯವರ ಮಾತ್ರೆ. ಹೌದು, ಅದೇ ಕೊಲ್ಚಿಸಿನ್. ಗೌಟ್‌ನಲ್ಲಿ ಯೂರಿಕ್ ಆಸಿಡ್ ಹರಳುಗಳು ಕೀಲಿನಲ್ಲಿ ಕೂರುತ್ತವೆ, ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ, ಹೆಬ್ಬೆರಳು ಕೆಂಡದಂತೆ ಉರಿಯುತ್ತದೆ. ಆ ಕಣಗಳು ಓಡಾಡಲೂ ಅವೇ ನಳಿಕೆಗಳು ಬೇಕು. ಸ್ವಲ್ಪವೇ ಸ್ವಲ್ಪ ಕೊಲ್ಚಿಸಿನ್ ಕೊಟ್ಟರೆ ಅವುಗಳ ಓಟ ತಗ್ಗುತ್ತದೆ, ಉರಿ ಇಳಿಯುತ್ತದೆ. ಕೊಲ್ಲುವ ದಾರಿಯೂ ಗುಣ ಮಾಡುವ ದಾರಿಯೂ ಒಂದೇ, ಪ್ರಮಾಣ ಮಾತ್ರ ಬೇರೆ. ನಡುವಿನ ಅಂತರ ಬಹಳ ಕಡಿಮೆ. ಮಾತ್ರೆಯೊಂದರಲ್ಲಿ ಇರುವುದೇ ಅರ್ಧ ಮಿಲಿಗ್ರಾಂ. ದೇಹದ ತೂಕದ ಪ್ರತಿ ಕಿಲೋಗೆ 0.8 ಮಿಲಿಗ್ರಾಂ ದಾಟಿದರೆ ಉಳಿಯುವುದು ಬಲು ಕಷ್ಟ. ಅದಕ್ಕಿಂತ ಎಷ್ಟೋ ಕಡಿಮೆಗೆ ಸತ್ತವರೂ ಇದ್ದಾರೆ. ಹಿಂದೆ ಭೇದಿ ಶುರುವಾಗುವ ತನಕ ಗಂಟೆಗೊಂದರಂತೆ ಮಾತ್ರೆ ಕೊಡುತ್ತಿದ್ದರು. 2010ರ ಒಂದು ಪರೀಕ್ಷೆಯಲ್ಲಿ ಒಂದು ಗಂಟೆಯಲ್ಲಿ ಒಟ್ಟು 1.8 ಮಿಲಿಗ್ರಾಂ ಕೊಟ್ಟರೂ, ಆರು ಗಂಟೆಯಲ್ಲಿ 4.8 ಕೊಟ್ಟಷ್ಟೇ ಗುಣ ಕಂಡಿತು, ಭೇದಿ ಬಹಳ ಕಡಿಮೆ ಇತ್ತು. ತಂದೆಯವರಿಗೆ ಎಷ್ಟು ಅನ್ನುವುದನ್ನು ಅವರ ಡಾಕ್ಟರೇ ಹೇಳಬೇಕು. ನೀವು ಫೋನಿನಲ್ಲಿ ಎರಡು ವಿಷಯ ಮಾತ್ರ ಕೇಳಿ: ಮೂತ್ರಪಿಂಡದ ತೊಂದರೆ ಇದೆಯಾ, ಬೇರೆ ಏನೇನು ಮಾತ್ರೆ ನಡೆಯುತ್ತಿದೆ. ಕೆಮ್ಮು, ಕಫಕ್ಕೆ ಕೊಡುವ ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯೋಟಿಕ್ ಇದರ ಜೊತೆ ಸೇರಿದರೆ ಕೊಲ್ಚಿಸಿನ್ ದೇಹದಿಂದ ಹೊರಗೆ ಹೋಗದೆ ಏರುತ್ತಾ ಹೋಗುತ್ತದೆ. ಜ್ವರಕ್ಕೆ ಬೇರೆ ಡಾಕ್ಟರ ಹತ್ತಿರ ಹೋದಾಗ ಈ ಮಾತ್ರೆಯ ವಿಷಯ ಹೇಳುವುದನ್ನು ಮರೆಯಬಾರದು.

ತೋಟದ ಗಿಡದಿಂದ ಮನೆಯಲ್ಲೇ ಔಷಧಿ ಮಾಡುವ ಯೋಚನೆ ಯಾರಿಗಾದರೂ ಬಂದಿದ್ದರೆ ಬಿಟ್ಟುಬಿಡಿ. ಒಂದು ಗೆಡ್ಡೆಯಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಅಂತ ತೂಕ ಹಾಕುವವರು ಯಾರು? ಸುಮಾರು 2000 ವರ್ಷದ ಹಿಂದೆಯೇ ಗ್ರೀಕ್ ವೈದ್ಯ ಡಯೊಸ್ಕೊರಿಡಿಸ್ ಈ ಗಿಡವನ್ನು ವಿವರಿಸಿದ್ದು ಔಷಧಿಗಲ್ಲ, ಜನ ತಿನ್ನುವ ಗೆಡ್ಡೆ ಅಂದುಕೊಂಡು ಇದನ್ನು ತಿಂದು ಸಾಯದಿರಲಿ ಅಂತ. ಆರನೇ ಶತಮಾನದಲ್ಲಿ ಟ್ರಾಲೆಸ್‌ನ ಅಲೆಕ್ಸಾಂಡರ್ ಅನ್ನುವ ವೈದ್ಯರು ಇದೇ ಜಾತಿಯ ಗೆಡ್ಡೆಯನ್ನು ಗೌಟ್‌ಗೆ ಬರೆದರು. 1820ರಲ್ಲಿ ಪ್ಯಾರಿಸ್‌ನ ಪೆಲ್ಟಿಯೆ ಮತ್ತು ಕವಾಂಟು ವಿಷವನ್ನು ಬೇರ್ಪಡಿಸಿದರು. ಅದೇ ವರ್ಷ ಅದೇ ಜೋಡಿ ಮಲೇರಿಯಾದ ಕ್ವಿನೈನನ್ನೂ ತೆಗೆದಿತ್ತು. ಅಳೆದು ಕೊಡುವ ಮಾತ್ರೆಯ ದಾರಿ ತೆರೆದದ್ದು ಆಮೇಲೆ.

ಅಮ್ಮನಿಗೆ ಇದನ್ನೆಲ್ಲ ವಿವರಿಸುವುದು ಕಷ್ಟ ಅನ್ನಿಸಿದರೆ ಗೌರಿ ಹೂವಿನ ನೆಂಟ ಅಂತ ಹೇಳಿ. ನಮ್ಮ ಬೇಲಿಗಳ ಮೇಲೆ ಗೌರಿ ಹಬ್ಬದ ಹೊತ್ತಿಗೆ ಕೆಂಪು ಹಳದಿಯಾಗಿ ಬೆಂಕಿಯಂತೆ ಅರಳುವ ಅಗ್ನಿಶಿಖೆ ಗೊತ್ತಲ್ಲ, ಅದೂ ಇದೇ ಕುಟುಂಬದ್ದು. ಅದರಲ್ಲೂ ಕೊಲ್ಚಿಸಿನ್. ಅದರ ಗೆಡ್ಡೆ ವಿಷ ಅಂತ ಮಲೆನಾಡಿನ ಹಿರಿಯರಿಗೆ ಬೇರೆ ಹೇಳಬೇಕಿಲ್ಲ. ಶ್ರೀಲಂಕಾದಲ್ಲಿ ಗೆಣಸು ಅಂದುಕೊಂಡು ತಿಂದು ಜನ ಆಸ್ಪತ್ರೆ ಸೇರಿದ್ದಾರೆ. ತಮಿಳುನಾಡಿನಲ್ಲಿ ಅದು ರಾಜ್ಯದ ಹೂವು, ಅಲ್ಲಿನ ರೈತರು ಅದನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಆ ಬೀಜದಿಂದಲೂ ಕೊಲ್ಚಿಸಿನ್ ತೆಗೆಯುತ್ತಾರೆ.

ಕಿತ್ತು ಹಾಕಬೇಕೇ ಅನ್ನುವುದಕ್ಕೆ ನನ್ನ ಅಭಿಪ್ರಾಯ: ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಾದರೆ, ಅದು ಆಡುವ ಜಾಗದಲ್ಲಿ ಇರುವುದನ್ನು ತೆಗೆಯಿರಿ. ಬೇಲಿ ಪಕ್ಕದ್ದು ಇರಲಿ. ಮುಟ್ಟಿದರೆ ಯಾರೂ ಸಾಯುವುದಿಲ್ಲ, ಕೈ ತೊಳೆದರಾಯಿತು. ಜಿಂಕೆ, ಮೊಲಗಳೂ ಇದರ ತಂಟೆಗೆ ಬರುವುದಿಲ್ಲ. ತೋಟವೆಲ್ಲ ಬಾಡುವ ಕಾಲದಲ್ಲಿ ಇಷ್ಟು ಬಣ್ಣ ಕೊಡುವ ಹೂವು ಬೇರೆ ಸಿಗುವುದು ಕಷ್ಟ. ಇದರ ಗೆಡ್ಡೆ ಮಣ್ಣು, ನೀರು ಎರಡೂ ಇಲ್ಲದೆ ಕಿಟಕಿ ಕಟ್ಟೆಯ ಮೇಲೆ ಇಟ್ಟರೂ ಹೂ ಬಿಡುತ್ತದೆ. ಅಂಗಡಿಯವರು ಅದನ್ನೇ ಹೊಗಳಿ ಮಾರುತ್ತಾರೆ. ಪುಟ್ಟ ಮಗು ಇರುವ ಮನೆಗೆ ಆ ಅಲಂಕಾರ ಮಾತ್ರ ಬೇಡ, ಈರುಳ್ಳಿಯ ಬುಟ್ಟಿ ಪಕ್ಕದಲ್ಲೇ ಇರುತ್ತದಲ್ಲ.

ತೆಗೆಯುವುದಾದರೆ ಈಗ ಹೂವು ಕಿತ್ತು ಪ್ರಯೋಜನವಿಲ್ಲ, ಗೆಡ್ಡೆ ಆಳದಲ್ಲಿ ಉಳಿಯುತ್ತದೆ. ಈಗ ಮಾಡಬೇಕಾದ್ದು ಒಂದೇ. ಪ್ರತಿ ಹೂವಿನ ಪಕ್ಕ ಒಂದು ಬಿದಿರು ಕಡ್ಡಿ ನೆಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಏಪ್ರಿಲ್ ಕೊನೆಗೆ, ಮೇನಲ್ಲಿ ಎಲೆ ಎದ್ದಾಗ ಆ ಕಡ್ಡಿ ಇರುವ ಕಡೆ ಗ್ಲೌಸ್ ಹಾಕಿಕೊಂಡು ಒಂದು ಗೇಣಿನಷ್ಟು ಆಳ ಅಗೆದರೆ ಗೆಡ್ಡೆ ಸಿಗುತ್ತದೆ. ಬೀಜ ಉದುರುವ ಮೊದಲೇ ಮುಗಿಸಿ. ಒಂದೇ ವರ್ಷಕ್ಕೆ ಪೂರ್ತಿ ಹೋಗದಿದ್ದರೆ ಮುಂದಿನ ವರ್ಷ ಮತ್ತೆ. ಇಟ್ಟುಕೊಳ್ಳುವ ಗಿಡಗಳ ಎಲೆಯನ್ನು ತಾನಾಗಿ ಹಳದಿಯಾಗುವ ತನಕ ಕೊಯ್ಯಬೇಡಿ, ಕೊಯ್ದರೆ ಗೆಡ್ಡೆ ಸೊರಗಿ ಹೂವು ಕಡಿಮೆಯಾಗುತ್ತದೆ. ಅವುಗಳ ಹತ್ತಿರ ಕೊತ್ತಂಬರಿ, ಮೆಂತ್ಯ, ಕಾಡು ಬೆಳ್ಳುಳ್ಳಿ ಯಾವ ಸೊಪ್ಪನ್ನೂ ಬೆಳೆಯಬೇಡಿ. ಬಾಡಿಗೆ ಮನೆಯಾದ್ದರಿಂದ ಅಗೆಯುವ ಮುಂಚೆ ಮಾಲೀಕರಿಗೆ ಒಂದು ಮಾತು ಹೇಳಿಬಿಡಿ.

ಕುದುರೆಗೆ ಹುಲ್ಲು ಕೊಡಬೇಡಿ. ಮೇಯುವ ದನ, ಕುದುರೆ ಹಸಿ ಎಲೆಯನ್ನು ಸಾಮಾನ್ಯವಾಗಿ ತಾವೇ ಬಿಟ್ಟು ಮೇಯುತ್ತವೆ. ಒಣಹುಲ್ಲಿನಲ್ಲಿ ಬೆರೆತಾಗ ಅವುಗಳಿಗೆ ಗೊತ್ತಾಗುವುದಿಲ್ಲ, ವಿಷ ಮಾತ್ರ ಹಾಗೇ ಇರುತ್ತದೆ. ಹಾಲು ಕೊಡುವ ಪ್ರಾಣಿ ತಿಂದರೆ ಹಾಲಿಗೂ ಬರುತ್ತದೆ. ಪಕ್ಕದವರಿಗೆ ಹೆರ್ಬ್‌ಸ್ಟ್‌ತ್ಸೈಟ್‌ಲೋಸೆ ಇದೆ ಅಂತ ಒಂದು ಪದ ಹೇಳಿ ಸಾಕು, ಕುದುರೆ ಸಾಕುವವರು ಇಲ್ಲಿ ಆ ಹೆಸರು ಕೇಳಿದರೆ ಮತ್ತೆ ಹುಲ್ಲು ಕೇಳುವುದಿಲ್ಲ.