ಕಬ್ಬಿಣಕ್ಕೆ ಟ್ರೇಲರೋ, ಅಡಿಕೆಗೆ ಕಂಟೇನರೋ?

ಪ್ರಶ್ನೆ: ನಾನು ಶಿರಸಿಯವನು. ಎಂಟು ವರ್ಷಗಳಿಂದ ಹತ್ತು ಚಕ್ರದ ತೆರೆದ ಬಾಡಿಯ ಲಾರಿ ನಡೆಸುತ್ತಿದ್ದೇನೆ. ಹೋಗುವಾಗ ಉತ್ತರ ಭಾರತಕ್ಕೆ ಅಡಿಕೆ, ಬರುವಾಗ ಸಿಕ್ಕಿದ ಮಾಲು. ಈಗ ಸಾಲ ಮಾಡಿ ಎರಡನೆಯ ವಾಹನ ಕೊಳ್ಳಬೇಕೆಂದಿದ್ದೇನೆ. ತೋರಣಗಲ್ಲಿನಿಂದ ಕರಾವಳಿಗೆ ಕಬ್ಬಿಣ ತರಲು ಪ್ಲಾಟ್‌ಫಾರ್ಮ್ ಟ್ರೇಲರ್ (ಪಕ್ಕದ ಹಲಗೆಗಳಿಲ್ಲದ, ಚಪ್ಪಟೆ ನೆಲದ ಉದ್ದನೆಯ ಗಾಡಿ) ಇಟ್ಟರೆ ಬಾಡಿಗೆ ಚೆನ್ನಾಗಿದೆ ಎಂದು ಸ್ನೇಹಿತರು ಹೇಳುತ್ತಾರೆ. ಕಂಟೇನರ್ ಬಾಡಿಯ ಲಾರಿಯೇ ಒಳ್ಳೆಯದು ಎಂಬುದು ಅಣ್ಣನ ಅಭಿಪ್ರಾಯ. ತಾವು ಏನು ಹೇಳುತ್ತೀರಿ?

ಉತ್ತರ: ಬಾಡಿಗೆಯ ದರವನ್ನು ಕೇಳುವ ಮೊದಲು, ತಿಂಗಳಿಗೆ ಎಷ್ಟು ಕಿಲೋಮೀಟರ್ ಖಾಲಿ ಓಡಬೇಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿರಿ. ತೋರಣಗಲ್ಲಿನಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲೆಗೆ ಬಂದ ಟ್ರೇಲರಿಗೆ ಮರಳಿ ಘಟ್ಟ ಹತ್ತುವಾಗ ಹೇರಲು ಮಾಲೇನಿದೆ? ಕಾರವಾರ ಬಂದರಿನ ಬಿಟುಮೆನ್‌ನಂಥ ದ್ರವ ಸರಕಿಗೆ ಟ್ಯಾಂಕರ್ ಬೇಕು, ಮೀನಿಗೆ ಶೀತಲ ಪೆಟ್ಟಿಗೆಯ ಗಾಡಿ ಬೇಕು, ಚಿರೇಕಲ್ಲಿಗೆ ಪಕ್ಕದ ಹಲಗೆಯಿರುವ ಲಾರಿ ಬೇಕು. ಬರುವಾಗ ಸಿಕ್ಕ ಹೆಚ್ಚಿನ ಬಾಡಿಗೆಯ ಬಹುಪಾಲನ್ನು ಹೋಗುವಾಗಿನ ಡೀಸೆಲ್ ತಿಂದುಹಾಕುತ್ತದೆ.

ಟ್ರೇಲರಿನ ಗುಣಗಳನ್ನು ಅಲ್ಲಗಳೆಯುತ್ತಿಲ್ಲ. ಕ್ರೇನಿನಿಂದ ಮೇಲಿನಿಂದಲೂ, ಫೋರ್ಕ್‌ಲಿಫ್ಟಿನಿಂದ ಪಕ್ಕದಿಂದಲೂ ಮಾಲು ಇಳಿಸಬಹುದಾದ್ದರಿಂದ ಸರಳು, ಪೈಪು, ಟ್ರಾನ್ಸ್‌ಫಾರ್ಮರ್, ಜೆಸಿಬಿಯಂಥ ಯಂತ್ರಗಳಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ಹೆಚ್ಚಿನ ಬಾಡಿಗೆ ಚಕ್ರ ಉರುಳಿಸಿದ್ದಕ್ಕಿಂತ ಮಾಲು ಬಿಗಿದಿದ್ದಕ್ಕೆ ಸಿಗುವ ಕೂಲಿ ಎಂಬುದನ್ನು ಹೊಸಬರು ಮರೆಯುತ್ತಾರೆ. ಯುರೋಪಿನ ಮಾನದಂಡದ ಪ್ರಕಾರ, ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮಾಲಿನ ತೂಕದ 0.8 ಪಾಲಿನಷ್ಟು ಬಲ ಮುಂದಕ್ಕೂ, ತಿರುವುಗಳಲ್ಲಿ 0.5 ಪಾಲಿನಷ್ಟು ಬಲ ಪಕ್ಕಕ್ಕೂ ತಳ್ಳುತ್ತದೆಂದು ಲೆಕ್ಕ ಹಿಡಿದು ಮಾಲನ್ನು ಬಿಗಿಯಬೇಕು. 20 ಟನ್ ಸರಳು ಹೇರಿದ್ದರೆ 16 ಟನ್ನಿನ ಬಲ ಚಾಲಕನ ಬೆನ್ನಿನತ್ತ ನುಗ್ಗುತ್ತದೆ ಎಂದರ್ಥ. ಅದರಲ್ಲಿ ಒಂದಷ್ಟನ್ನು ಘರ್ಷಣೆ ತಡೆಯುತ್ತದೆ. ಉಳಿದದ್ದನ್ನು ಮುಂದಿನ ತಡೆಗೋಡೆ ಮತ್ತು ಸರಪಳಿಗಳೇ ತಡೆಯಬೇಕು. ಮಳೆಯಲ್ಲಿ ನೆನೆದ ಕಬ್ಬಿಣ ಕಬ್ಬಿಣದ ಮೇಲೆ ಸಲೀಸಾಗಿ ಜಾರುತ್ತದೆ. ಆದ್ದರಿಂದ ಕೆಳಗೆ ಮರದ ಪಟ್ಟಿಯನ್ನೋ ರಬ್ಬರ್ ಹಾಸನ್ನೋ ಕೊಡದೆ ಬರಿ ಹಗ್ಗವನ್ನು ನೆಚ್ಚಿ ಹೊರಡುವುದು ತಪ್ಪು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಬಹಳ ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಬಿಗಿಯಾಗಿ ಕಟ್ಟಿಸಿದ್ದ ಸರಳಿನ ಕಟ್ಟು, ದಾರಿಯ ಕುಲುಕಾಟಕ್ಕೆ ಕುಗ್ಗಿ ಕೂತು ಸರಪಳಿ ಸಡಿಲಾಗಿತ್ತು. ನಾವು ಎಲ್ಲಿಯೂ ನಿಲ್ಲಿಸಿ ನೋಡಲಿಲ್ಲ. ಅರಬೈಲಿನ ಇಳಿಜಾರಿನ ಒಂದು ತಿರುವಿನಲ್ಲಿ ಕಟ್ಟು ಮುಂದಕ್ಕೆ ಸರಿದು ಕ್ಯಾಬಿನ್ನಿನ ಹಿಂಬದಿಯ ತಗಡನ್ನು ಒಳಕ್ಕೆ ತಳ್ಳಿತು. ಕ್ಲೀನರ್ ಹುಡುಗ ಅದೃಷ್ಟಕ್ಕೆ ಮುಂದಕ್ಕೆ ಬಾಗಿ ಕುಳಿತಿದ್ದ. ಅಂದಿನಿಂದ ಯಲ್ಲಾಪುರದಲ್ಲಿ ಚಹಾ ಕುಡಿಯುವ ಮೊದಲು ಸರಪಳಿಯನ್ನು ಮತ್ತೊಮ್ಮೆ ಬಿಗಿಯುವುದು ನಮ್ಮಲ್ಲಿ ಕಡ್ಡಾಯವಾಯಿತು. ಇನ್ನು ಸರಳುಗಳು ಬಾಡಿಯಿಂದ ಹೊರಗೆ ಚಾಚಿಕೊಂಡಿದ್ದರೆ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಲ್ಲಿ 20,000 ರೂಪಾಯಿ ದಂಡವಿದೆ, ಮಾಲು ಇಳಿಸಿದ ಖರ್ಚು ಬೇರೆ.

ಕಂಟೇನರಿನ ಅನುಕೂಲವನ್ನು ನಿಮ್ಮಂಥ ಅಡಿಕೆ ಸಾಗಿಸುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೆಲೆಬಾಳುವ ಮಾಲಿಗೆ ಬೀಗ ಮತ್ತು ಸೀಲು ಇರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ತಾಡಪತ್ರಿ ಹೊತ್ತು ಮಾಲಿನ ಮೇಲೆ ಹತ್ತುವ ಅಪಾಯ ತಪ್ಪುತ್ತದೆ, ಮರಳುವಾಗ ಪಾರ್ಸೆಲ್ ಮಾಲು ಸಿಗುವ ಸಾಧ್ಯತೆ ಹೆಚ್ಚು. ತೊಂದರೆಗಳೂ ಇವೆ. ಹತ್ತು ಚಕ್ರದ, ಅಂದರೆ ಮೂರು ಆಕ್ಸಲ್‌ಗಳ ಲಾರಿಗೆ ವಾಹನವೂ ಸೇರಿ 28.5 ಟನ್ನಿನ ಮಿತಿ ಇರುವುದರಿಂದ ಪೆಟ್ಟಿಗೆ ಎಷ್ಟು ತೂಗುತ್ತದೆಯೋ ಅಷ್ಟು ಮಾಲು ಕಡಿಮೆ. ಹಿಂದಿನ ಬಾಗಿಲೊಂದರಿಂದಲೇ ಹಮಾಲರು ಚೀಲ ಹೊರಬೇಕಾದ್ದರಿಂದ ಹೊತ್ತು ಹಿಡಿಯುತ್ತದೆ. ನೆಲದಿಂದ 4 ಮೀಟರ್ ಎತ್ತರಕ್ಕೆ ನಿಲ್ಲುವ ಪೆಟ್ಟಿಗೆಯನ್ನು ಶಿರಸಿ, ಸಿದ್ದಾಪುರದ ಒಳದಾರಿಗಳಿಗೆ ಒಯ್ದರೆ ಹಲಸಿನ ಕೊಂಬೆಗಳೂ ವಿದ್ಯುತ್ ತಂತಿಗಳೂ ಎದುರಾಗುತ್ತವೆ. ಆದ್ದರಿಂದ ಮಾಲನ್ನು ಸಣ್ಣ ಗಾಡಿಯಲ್ಲಿ ಮಾರುಕಟ್ಟೆ ಪ್ರಾಂಗಣಕ್ಕೆ ತಂದೇ ತುಂಬಬೇಕು. ಖಾಲಿ ಪೆಟ್ಟಿಗೆಯೊಂದಿಗೆ ಹೊನ್ನಾವರದ ಶರಾವತಿ ಸೇತುವೆ ದಾಟುವಾಗ ಅಡ್ಡಗಾಳಿ ಬೀಸಿದರೆ ಸ್ಟೀರಿಂಗ್ ಎಳೆಯುವುದು ನಿಮಗೇ ತಿಳಿಯುತ್ತದೆ.

ಮತ್ತೊಂದು ಮಾತು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದ್ದನ್ನು ನೀವು ಮರೆತಿರಲಾರಿರಿ. ಮಳೆಗಾಲದಲ್ಲಿ ನಮ್ಮ ಘಟ್ಟಗಳಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಬೀಳುವುದು ಹೊಸದಲ್ಲ, ಉದ್ದನೆಯ ಟ್ರೇಲರಿಗಂತೂ ಬದಲಿ ದಾರಿ ಎಂಬುದೇ ಕಡಿಮೆ. ಸಾಲದ ಕಂತು ಮಾತ್ರ ಮಳೆಯೆಂದು ನಿಲ್ಲುವುದಿಲ್ಲ.

ನಿಮ್ಮ ಅಣ್ಣನವರ ಮಾತೇ ನನಗೆ ಸರಿ ಕಾಣುತ್ತದೆ. ಹತ್ತು ಚಕ್ರದ ಚಾಸಿಗೆ ಕಂಟೇನರ್ ಬಾಡಿ ಕಟ್ಟಿಸಿ, ಹಳೆಯ ತೆರೆದ ಲಾರಿಯನ್ನು ಮಾರದೆ ಅದರ ಉದ್ದಕ್ಕೆ ಹೊಂದುವ ಕಬ್ಬಿಣಕ್ಕೆ ಬಳಸಿರಿ. ವರ್ಷವಿಡೀ ಕಬ್ಬಿಣ ಕೊಡುತ್ತೇವೆಂದು, ಖಾಲಿ ಮರಳುವ ಖರ್ಚನ್ನೂ ಸೇರಿಸಿ, ಯಾರಾದರೂ ಲಿಖಿತ ಕರಾರು ಮಾಡಿಕೊಟ್ಟರೆ ಮಾತ್ರ ಟ್ರೇಲರಿನ ಯೋಚನೆ ಮಾಡಬಹುದು.

ಪ್ರಶ್ನೆ: ಡಿಸೆಂಬರಿನಲ್ಲಿ ಕುಮಟೆಯಿಂದ ಕಂಟೇನರಿನಲ್ಲಿ ಕಳಿಸಿದ ಚಾಲಿ (ಹಣ್ಣಾದ ಮೇಲೆ ಸಿಪ್ಪೆಸಹಿತ ಒಣಗಿಸಿ ಸುಲಿದ) ಅಡಿಕೆಯ ಮೇಲಿನ ಸಾಲಿನ ಚೀಲಗಳು ದೆಹಲಿ ತಲುಪುವಾಗ ಒದ್ದೆಯಾಗಿದ್ದವು. ದಾರಿಯಲ್ಲಿ ಮಳೆಯಿರಲಿಲ್ಲ, ತಗಡಿನಲ್ಲಿ ತೂತೂ ಇಲ್ಲ. ನೀರು ಎಲ್ಲಿಂದ ಬಂತು?

ಉತ್ತರ: ನೀರು ಒಳಗೇ ಇತ್ತು. ಪೂರ್ತಿ ಒಣಗದ ಅಡಿಕೆ, ಗೋಣಿಚೀಲ, ಹಲಗೆಯ ನೆಲ ಹಾಗೂ ಬಾಗಿಲು ಮುಚ್ಚಿದಾಗ ಒಳಗುಳಿದ ಕರಾವಳಿಯ ತೇವದ ಗಾಳಿ, ಇವೆಲ್ಲವೂ ಹಗಲಿನ ಬಿಸಿಗೆ ಆವಿ ಬಿಡುತ್ತವೆ. ಉತ್ತರದ ಚಳಿಯ ರಾತ್ರಿಯಲ್ಲಿ ಮಾಡಿನ ತಗಡು ತಣ್ಣಗಾದಾಗ ಆ ಆವಿ ಹನಿಗಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ಕಂಟೇನರ್ ಬೆವರುವುದು ಎಂದರೆ ಇದೇ. ತಾಡಪತ್ರಿ ಹೊದಿಸಿದ ಲಾರಿಯಲ್ಲಿ ಅಂಚಿನಿಂದ ಗಾಳಿಯಾಡುವುದರಿಂದ ಈ ಕಾಟ ಕಡಿಮೆ. ತುಂಬುವ ದಿನ ಅಡಿಕೆಯ ತೇವಾಂಶ ನೋಡಿ ಬರೆದಿಡಿರಿ, ಒದ್ದೆ ನೆಲದ ಮೇಲೆ ಚೀಲ ಇಡಿಸಬೇಡಿರಿ, ಮೇಲಿನ ಸಾಲಿಗೆ ದಪ್ಪ ರಟ್ಟು ಹಾಸಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ತೂಗುಹಾಕಿಸಿರಿ. ಮಾಲಿನ ಸ್ವಂತ ತೇವದಿಂದಾದ ಹಾನಿಯನ್ನು ಸಾಗಣೆ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಪಾಲಿಸಿಯ ಆ ಭಾಗವನ್ನು ಓದದೆ ಮುಂದಿನ ಲೋಡು ಕಳಿಸಬೇಡಿರಿ.