ತ್ಯಾಗರಾಜರ ಕೃತಿ ಎಲ್ಲರದು, ಸ್ವರಲಿಪಿ ಬರೆದವರ ಶ್ರಮ ಯಾರದು?

ಮನೆಯಲ್ಲೇ ಸಂಗೀತ ಪಾಠ ಹೇಳುವ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಜೂನಿಯರ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ನನ್ನಲ್ಲಿರುವ, ಹಾಡುಗಳನ್ನು ಸರಿಗಮಗಳಲ್ಲಿ ಬರೆದಿಟ್ಟ ಸ್ವರಲಿಪಿ ಪುಸ್ತಕವೊಂದನ್ನು ಪೂರ್ತಿ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಖರ್ಚನ್ನು ಮಾತ್ರ ಪಡೆಯುತ್ತೇನೆ. ಇದು ಅಪರಾಧವೆಂದು ಪೋಷಕರೊಬ್ಬರು ಹೇಳಿದರು. ತ್ಯಾಗರಾಜರ ಕೃತಿಯ ಮೇಲೆ ಯಾರಿಗೆ ಹಕ್ಕಿದೆ? ಆ ಪುಸ್ತಕ ಈಗ ಅಂಗಡಿಯಲ್ಲಿ ಸಿಗುವುದೂ ಇಲ್ಲ.’

ನಮಸ್ಕಾರ. ಪಾಠಕ್ಕೆ ಬೇಕಾದ ಪುಟಗಳನ್ನು ಧೈರ್ಯವಾಗಿ ಜೆರಾಕ್ಸ್ ಮಾಡಿಸಿ. ಪುಸ್ತಕ ಕೊಳ್ಳುವ ಬದಲಿಗೆ ಇಡೀ ಪುಸ್ತಕವನ್ನೇ ಮಾಡಿಸುವುದನ್ನು ನಿಲ್ಲಿಸಿ.

ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯ ಪ್ರಕಾರ, ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೂ 60 ವರ್ಷ ಹಕ್ಕು ಉಳಿದಿರುತ್ತದೆ. ತ್ಯಾಗರಾಜರು 1847ರಲ್ಲಿ, ಮುತ್ತುಸ್ವಾಮಿ ದೀಕ್ಷಿತರು 1835ರಲ್ಲಿ ಕಾಲವಾದರು. ಅವರ ರಚನೆಗಳಿಗೆ ಯಾರ ಅಪ್ಪಣೆಯೂ ಬೇಡ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ ಪ್ರಕಟವಾದ ಕೃತಿಗಳು 2022ರ ಜನವರಿ 1ರಿಂದ ಮುಕ್ತವಾಗಿವೆ. ಜಯಚಾಮರಾಜೇಂದ್ರ ಒಡೆಯರ ರಚನೆಗಳಾದರೆ ಕನಿಷ್ಠ 2034ರ ಕೊನೆಯವರೆಗೆ ಕಾಯಬೇಕು. ಲಾಲ್ಗುಡಿ ಜಯರಾಮನ್ 2013ರವರೆಗೆ ನಮ್ಮೊಡನಿದ್ದವರು, ತಿಲ್ಲಾನಗಳೆಂಬ ಅವರ ರಚನೆಗಳ ಮೇಲಿನ ಹಕ್ಕು 2073ರ ಕೊನೆಯವರೆಗೂ ಮುಗಿಯುವುದಿಲ್ಲ.

ಇದು ರಚನೆಯ ಮಾತಾಯಿತು. ನಿಮ್ಮ ಕೈಯಲ್ಲಿರುವುದು ಪುಸ್ತಕ. ತ್ಯಾಗರಾಜರು ಅದನ್ನು ಬರೆದವರಲ್ಲ. ಯಾರೋ ವಿದ್ವಾಂಸರು ತಮ್ಮ ಗುರುಗಳ ಪಾಠಾಂತರವನ್ನು (ಅವರು ಹಾಡಿ ಕಲಿಸಿದ ರೀತಿಯನ್ನು) ನೆನೆದು, ಒಂದೇ ಸಾಲನ್ನು ಬೆಳೆಸಿ ಹಾಡುವ ಸಂಗತಿಗಳಲ್ಲಿ ಯಾವುದರ ನಂತರ ಯಾವುದು ಬರಬೇಕೆಂದು ತೀರ್ಮಾನಿಸಿ, ಕೆಲವೆಡೆ ತಾವೇ ಚಿಟ್ಟೆಸ್ವರವೆಂಬ ಸ್ವರಗುಚ್ಛ ಸೇರಿಸಿ, ರಾಗಲಕ್ಷಣವನ್ನೂ ಅರ್ಥವನ್ನೂ ಬರೆದಿದ್ದಾರೆ. ಅಷ್ಟರಲ್ಲಿ ಅವರ ಸ್ವಂತ ವಿವೇಚನೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅವರಿಗೆ ಹಕ್ಕಿದೆ. ಕರಡು ತಿದ್ದುವ ಕಷ್ಟವನ್ನೂ ಯೋಚಿಸಿ. ಸ್ವರದ ಮೇಲೊಂದು ಚುಕ್ಕೆ ಇದ್ದರೆ ಮೇಲಿನ ತಾರಸ್ಥಾಯಿ, ಕೆಳಗಿದ್ದರೆ ಕೆಳಗಿನ ಮಂದ್ರಸ್ಥಾಯಿ. ಅಚ್ಚಿನಲ್ಲಿ ಆ ಚುಕ್ಕೆ ಬಿದ್ದುಹೋದರೆ ಮಗು ಮೇಲಿನ ಷಡ್ಜಕ್ಕೆ ಏರುವ ಬದಲು ಕೆಳಗೇ ನಿಲ್ಲುತ್ತದೆ. ಪುಟಪುಟದಲ್ಲೂ ಇಂಥ ನೂರಾರು ಚುಕ್ಕೆಗಳನ್ನು ಕಣ್ಣಿಟ್ಟು ಕಾದವರ ದುಡಿಮೆಗೆ ಬೆಲೆ ಸಿಗಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂದ ಹಾಗೆ, ಜೆರಾಕ್ಸಿನ ಜೆರಾಕ್ಸಿನಲ್ಲಿ ಮೊದಲು ಮಾಯವಾಗುವುದೂ ಆ ಚುಕ್ಕೆಗಳೇ.

ಹಾಗೆಂದು ಕಾಯಿದೆ ಪಾಠ ಹೇಳುವವರ ಕೈ ಕಟ್ಟಿಲ್ಲ. ಬೋಧನೆಯ ಭಾಗವಾಗಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಯಾವುದೇ ಕೃತಿಯನ್ನು ನಕಲು ಮಾಡಿಕೊಂಡರೆ ಅದು ಉಲ್ಲಂಘನೆಯಾಗದೆಂದು 52ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಶಿಕ್ಷಕರು ಶಾಲೆಯಲ್ಲೇ ಇರಬೇಕೆಂಬ ಷರತ್ತು ಅಲ್ಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೊದಲಾದ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. 2016ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ವಜಾ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ವಿಭಾಗೀಯ ಪೀಠವೂ ಬೋಧನೆಗೆ ಎಷ್ಟು ಅಗತ್ಯವೋ ಅಷ್ಟು ನಕಲು ಸರಿ ಎಂದಿತು. ಆದರೆ ಇಡೀ ಪುಸ್ತಕವನ್ನೇ ಜೆರಾಕ್ಸ್ ಮಾಡಬಹುದೇ ಎಂಬ ಪ್ರಶ್ನೆಯನ್ನು ವಿಚಾರಣೆಗೆ ಬಿಟ್ಟಿತು. ಮರುವರ್ಷ ಪ್ರಕಾಶಕರು ದಾವೆ ಹಿಂತೆಗೆದುಕೊಂಡದ್ದರಿಂದ ಉತ್ತರ ಬರಲೇ ಇಲ್ಲ. ನೀವು ನಿಂತಿರುವುದು ಸರಿಯಾಗಿ ಆ ಜಾಗದಲ್ಲಿ. ಆ ಪೋಷಕರು ಹೇಳಿದಂತೆ ನೀವು ಅಪರಾಧಿ ಎಂದು ನಾನು ಹೇಳಲಾರೆ. ತಪ್ಪೇ ಇಲ್ಲ ಎಂದು ಧೈರ್ಯ ತುಂಬಲಾರೆ ಕೂಡ. ಈ ವಾರ ಕಲಿಸುವ ವರ್ಣವೆಂಬ ರಚನೆಯ ಎರಡು ಪುಟ ಕೊಟ್ಟರೆ ನಿಮ್ಮನ್ನು ಯಾರೂ ಪ್ರಶ್ನಿಸಲಾಗದು.

ಪುಸ್ತಕ ಸಿಗುತ್ತಿಲ್ಲ ಎಂದಿದ್ದೀರಿ. ಅಚ್ಚು ಮುಗಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ದಾರಿಗಳಿವೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಗಳವರೆಗೆ ಮಾಡಿಸಿಕೊಳ್ಳಬಹುದು. ಸಂಗೀತದ ಹಾಳೆಗಳಿಗೂ ಇದು ಅನ್ವಯಿಸುತ್ತದೆಂದು ಕಾಯಿದೆಯೇ ಹೇಳಿದೆ. ನಿಮ್ಮ ಊರಿನ ಗ್ರಂಥಪಾಲಕರನ್ನು ಕೇಳಿ. ಸುಬ್ಬರಾಮ ದೀಕ್ಷಿತರ 1904ರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಂಥ ಹಳೆಯ ಗ್ರಂಥಗಳ ಮೂಲಪಾಠ ಈಗ ಎಲ್ಲರ ಸ್ವತ್ತು. ತೆಲುಗು ಲಿಪಿ ಓದುವ ಅಭ್ಯಾಸವಿದ್ದರೆ ಸ್ವರವನ್ನು ಹೇಗೆ ತೂಗಿ ಹಾಡಬೇಕೆಂದು ತೋರಿಸುವ ಗಮಕಚಿಹ್ನೆಗಳ ಸಮೇತ ಮುತ್ತುಸ್ವಾಮಿ ದೀಕ್ಷಿತರ ಕೃತಿಗಳು ಅಲ್ಲಿ ಸಿಗುತ್ತವೆ. ಎಲ್ಲಕ್ಕಿಂತ ಒಳ್ಳೆಯದು, ನೀವು ಕಲಿತ ಪಾಠಾಂತರವನ್ನು ನೀವೇ ಬರೆದು ಕೊಡುವುದು. ರಚನೆ ಹಕ್ಕಿನಿಂದ ಮುಕ್ತವಾದದ್ದಾದರೆ ಅದರ ಎಷ್ಟು ಪ್ರತಿಯನ್ನಾದರೂ ಹಂಚಿ. ಮಕ್ಕಳು ನೋಡಿ ಬರೆದುಕೊಳ್ಳುವಂತೆ ಮಾಡಿದರೆ ಸ್ವರಸ್ಥಾನ ಇನ್ನೂ ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ.

ಪೂರ್ತಿ ಪುಸ್ತಕವೇ ಬೇಕೆಂದಾದರೆ ಲೇಖಕರಿಗೆ, ಅವರಿಲ್ಲದಿದ್ದರೆ ವಾರಸುದಾರರಿಗೆ, ಒಂದು ಪತ್ರ ಬರೆಯಿರಿ. ಯಾವ ಪುಸ್ತಕ, ಎಷ್ಟು ಪ್ರತಿ, ಯಾರಿಗೆ, ಎಷ್ಟು ಗೌರವಧನ ಕೊಡಬಲ್ಲಿರಿ ಎಂದು ತಿಳಿಸಿ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಹಕ್ಕು ಪ್ರಕಾಶಕರ ಬಳಿ ಉಳಿದಿರುವುದೂ ಉಂಟು, ಅದನ್ನೂ ವಿಚಾರಿಸಿಕೊಳ್ಳಿ. ಒಪ್ಪಿಗೆ ಬರುವವರೆಗೆ ಆ ಪುಸ್ತಕದ ಪಿಡಿಎಫ್ ಮಾಡಿ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಜೆರಾಕ್ಸ್ ನಿಮ್ಮ ತರಗತಿಯೊಳಗೆ ಉಳಿಯಬಹುದು, ಪಿಡಿಎಫ್ ಉಳಿಯುವುದಿಲ್ಲ.

— ಸಂಪಾದಕ