ಪಾಠ ತೆಗೆದವರು ಯಾರು, ಯಾಕೆ?

ಪತ್ರ: ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಮೊಮ್ಮಗಳ ಸಿಬಿಎಸ್‌ಇ ಹತ್ತನೇ ತರಗತಿ ಪುಸ್ತಕದಲ್ಲಿ ಜೀವವಿಕಾಸದ ಪಾಠವೇ ಇಲ್ಲ. ದೇಶದ ಪಠ್ಯಕ್ರಮ ಮಾಡುವುದು ವಿದ್ವಾಂಸರೋ, ಸರ್ಕಾರವೋ? ಪರೀಕ್ಷೆಗೆ ಬರದಿದ್ದರೂ ಅವಳಿಗೆ ಆ ಪಾಠ ಹೇಳಿಕೊಡಲಾ?
– ಓದುಗರೊಬ್ಬರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಓದಿ ಸಂಕಟವಾಯಿತು. ಪಠ್ಯಕ್ರಮ ಇಬ್ಬರೂ ಸೇರಿ ಮಾಡುತ್ತಾರೆ. ಆದರೆ ವಿದ್ವಾಂಸರನ್ನು ಯಾವಾಗ, ಎಷ್ಟು ಕೇಳಬೇಕು ಅನ್ನುವುದು ಸರ್ಕಾರದ ಇಷ್ಟ. ತೊಂದರೆ ಇರುವುದು ಅಲ್ಲೇ.

ಶಾಲೆಗಳಲ್ಲಿ ಏನು, ಹೇಗೆ ಕಲಿಸಬೇಕು ಅಂತ ದಾರಿ ತೋರಿಸುವ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ನೋಡಿ. ವಿಜ್ಞಾನಿ ಯಶ್‌ಪಾಲ್ ಅಧ್ಯಕ್ಷರು. 35 ಜನರ ಸಮಿತಿ. ಅದರ ಜೊತೆಗೆ ಗಣಿತ, ಭಾಷೆ, ಪರೀಕ್ಷೆ, ಕರಕುಶಲ ಅಂತ ಬೇರೆ ಬೇರೆ ವಿಷಯಕ್ಕೆ 21 ತಂಡಗಳು. ಅರ್ಥವಾಗದ್ದನ್ನು ಉರು ಹೊಡೆಯುವುದು ಬ್ಯಾಗಿಗಿಂತ ದೊಡ್ಡ ಭಾರ ಅಂತ ಯಶ್‌ಪಾಲ್ ಅವರದೇ ಹಿಂದಿನ ಇನ್ನೊಂದು ಸಮಿತಿ 1993ರಲ್ಲೇ ಹೇಳಿತ್ತು. ಆ ಮಾತು ಚೌಕಟ್ಟಿಗೆ ಬಂತು, ಅಲ್ಲಿಂದ ಪುಸ್ತಕಗಳಿಗೂ ಇಳಿಯಿತು. ರಾಜ್ಯಗಳ ಮಂತ್ರಿಗಳೂ ಕೂರುವ ಕೇಂದ್ರೀಯ ಶಿಕ್ಷಣ ಸಲಹಾ ಮಂಡಳಿ ಅದನ್ನು ಒಪ್ಪಿತು.

ಹೀಗೇ ಮಾಡಬೇಕು ಅಂತ ಕಾನೂನಿಲ್ಲ. 2000ದ ಚೌಕಟ್ಟು ಆ ಮಂಡಳಿಯ ಮುಂದೆ ಹೋಗಲೇ ಇಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಮಂಡಳಿ ಶಾಸನದಿಂದ ಹುಟ್ಟಿದ್ದಲ್ಲ, ಅದನ್ನು ಕೇಳಲಿಲ್ಲ ಅಂತ ಚೌಕಟ್ಟನ್ನು ರದ್ದು ಮಾಡಲಾಗದು ಎಂದು 2002ರಲ್ಲಿ ತೀರ್ಪು ಬಂತು.

ನಿಮ್ಮ ಮೊಮ್ಮಗಳ ಪುಸ್ತಕದ ಕಥೆ 2022ರದ್ದು. ಕೊರೊನಾ ಕಾಲದ ಹೊರೆ ಇಳಿಸುತ್ತೇವೆ ಅಂತ ಈ ಪುಸ್ತಕಗಳನ್ನು ತರುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಪಾಠಗಳಿಗೆ ಕತ್ತರಿ ಹಾಕಿತು. ‘ಅನುವಂಶೀಯತೆ ಮತ್ತು ಜೀವವಿಕಾಸ’ದಲ್ಲಿ ಅನುವಂಶೀಯತೆ ಮಾತ್ರ ಉಳಿಯಿತು. ಮೂಲವಸ್ತುಗಳನ್ನು ಗುಣ ನೋಡಿ ಜೋಡಿಸುವ ಆವರ್ತ ಕೋಷ್ಟಕವೂ ಹೋಯಿತು. ಮುಂದಿನ ತರಗತಿಗಳಲ್ಲಿ ಇದೆಯಲ್ಲ ಅಂದರು. ಮುಂದೆ ವಿಜ್ಞಾನ ತಗೊಳ್ಳದ ಮಕ್ಕಳಿಗೆ ಹತ್ತನೇ ತರಗತಿಯೇ ಕೊನೆ ಅಲ್ವಾ? ಪಾಠ ವಾಪಸ್ ಸೇರಿಸಿ ಎಂದು 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದರು. ಇದೇ ಕತ್ತರಿ ಬಿದ್ದ ರಾಜ್ಯಶಾಸ್ತ್ರ ಪುಸ್ತಕಗಳ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್, ಯೋಗೇಂದ್ರ ಯಾದವ್ 2023ರಲ್ಲಿ ನಮ್ಮ ಹೆಸರು ತೆಗೆದುಬಿಡಿ ಅಂತ ಬರೆದರು. ಕತ್ತರಿಸುವಾಗ ತಮ್ಮನ್ನು ಕೇಳಲೇ ಇಲ್ಲ ಅನ್ನುವುದು ಅವರ ದೂರು.

ಸರ್ಕಾರಕ್ಕೆ ಹಕ್ಕೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅದು ಜನ ಆರಿಸಿದ ಸರ್ಕಾರ. ಆದರೆ ಒಂದು ಪಾಠ ಹೋದರೆ ಯಾರು ತೆಗೆದರು, ಯಾಕೆ ತೆಗೆದರು ಅನ್ನುವುದು ಹೆಸರು ಸಮೇತ ಅಚ್ಚಾಗಬೇಕು. ಇದನ್ನು ಕಾನೂನು ಮಾಡಿ ಅಂತ ನಿಮ್ಮಂಥ ಮೇಷ್ಟ್ರುಗಳು ಜೋರಾಗಿ ಕೇಳಬೇಕು.

ಮೊಮ್ಮಗಳಿಗೆ ಖಂಡಿತ ಹೇಳಿಕೊಡಿ. ಹಳೆಯ ಪಾಠದಲ್ಲಿದ್ದ ಕೋಸಿನ ಉದಾಹರಣೆ ನಿಮಗೆ ನೆನಪಿರುತ್ತದೆ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಒಂದೇ ಕಾಡುಕೋಸಿನಿಂದ ರೈತರು ಆರಿಸಿ ಆರಿಸಿ ಬೆಳೆಸಿದ್ದು. ಸಂತೆಗೆ ಹೋದಾಗ ಮೂರನ್ನೂ ತಂದು ಅವಳ ಮುಂದಿಡಿ.